‘ಎಲ್ಲಿಗೆ’ ಅಂತ ಕೇಳಬಾರದು

ಕೆರಗೋಡಿನ ನಮ್ಮ ಎದುರುಮನೆ ಮೇಷ್ಟ್ರು ಬೇಸಿಗೆಯಿಡೀ ಊರೂರು ಸುತ್ತಲು ಹಳೇ ವ್ಯಾನಿಗೆ ಹಾಸಿಗೆ, ಒಲೆ, ರಾಗಿಹಿಟ್ಟು ತುಂಬಿದ್ದರು. ಹೊರಡುವವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಅಪಶಕುನವಂತೆ. ಯಾರಾದರೂ ಕೇಳಿದರೆ ಸಾಕು, ‘ಲೇ, ಕೆಡಿಸ್ಬುಟ್ಯಲ್ಲಾ!’ ಎಂದು ಗದರಿ ಇಳಿಯುತ್ತಿದ್ದರು. ಜಗಲಿಯಲ್ಲಿ ಕೂತು, ಹೆಂಡತಿ ತಂದ ನೀರು ಕುಡಿದು, ಕೇಳಿದವನಿಗೇ ಕಾಶ್ಮೀರದವರೆಗಿನ ದಾರಿಯನ್ನೆಲ್ಲ ವಿವರಿಸುತ್ತಿದ್ದರು. ಪ್ರಯಾಣ ನಾಳೆಗೆ.

ಹೀಗೆ ವಾರ ಕಳೆದ ಮೇಲೆ ಅವರ ಹೆಂಡತಿ ಮನೆಮನೆಗೂ ಬಂದು, ‘ನಿಮ್ ದಮ್ಮಯ್ಯ, ನಾಳೆ ಯಾರೂ ಕೇಳ್ಬ್ಯಾಡಿ ಕಣ್ರವ್ವ’ ಎಂದು ಬೇಡಿಕೊಂಡರು. ಮರುದಿನ ಬೀದಿಗೆ ಬೀದಿಯೇ ಬಾಯಿಗೆ ಬೀಗ ಹಾಕಿಕೊಂಡು ನಿಂತಿತು. ವ್ಯಾನು ತಿರುವಿನವರೆಗೆ ಹೋಗಿ, ನಿಂತು, ಹಿಂದಕ್ಕೇ ಬಂತು. ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿ, ‘ಎಲ್ಗೆ ಅಂತ ಒಬ್ಬನಾದ್ರೂ ಕೇಳ್ಬಾರ್ದೇನ್ರಲಾ?’ ಎಂದರು.

ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಇಳಿದು, ನೀರು ತರಲು ಒಳಗೆ ಹೋದರು.