ಬಡಗಲಕ್ಕೆ ಮುಖ ಮಾಡಿ ಬರೆದ ನಕ್ಷೆ

ಫೋನಿನಲ್ಲಿ ದಾರಿ ನೋಡುವ ರೂಢಿ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಮಾದನಹಿಪ್ಪರಗಾದಲ್ಲಿ ಆಗ ಎಡ, ಬಲ ಎಂಬ ಮಾತು ಕೇಳಿಸುತ್ತಿದ್ದುದೇ ಅಪರೂಪ. ಊಟಕ್ಕೆ ಸಾಲಾಗಿ ಕೂತಾಗಲೂ ‘ಸ್ವಲ್ಪ ಮೂಡಲಕ್ಕ ಸರಿಲೇ’ ಎನ್ನುತ್ತಿದ್ದರು. ಒಲೆಯ ಮೇಲಿನ ಗಡಿಗೆ ಪಡುವಲಕ್ಕೆ ವಾಲುತ್ತಿತ್ತು. ಲಗೋರಿ ಆಡುವಾಗ ಚೆಂಡು ತೆಂಕಲಕ್ಕೆ ಓಡಿದರೆ ಹುಡುಗರು ಬಡಗಲಕ್ಕೆ ಓಡುತ್ತಿದ್ದರು. ಇವನ್ನೇ ಪುಸ್ತಕ ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ ಎಂದು ಕರೆಯುತ್ತಿತ್ತು. ಊರೊಳಗೆ ಎಲ್ಲೇ ಕಣ್ಣು ಕಟ್ಟಿ ಗರಗರ ತಿರುಗಿಸಿ ಬಿಟ್ಟರೂ ನಮಗೆ ಅವು ತಿಳಿಯುತ್ತಿದ್ದವು. ಹತ್ತನೇ ತರಗತಿಯ ಭೂಗೋಳದಲ್ಲಿ ನಾವು ಎಡವಿದ್ದೂ ಇದರಿಂದಲೇ.

ಆ ವರ್ಷ ಸಮಾಜ ವಿಜ್ಞಾನಕ್ಕೆ ಪುಟ್ಟಸ್ವಾಮಿ ಸರ್ ಹೊಸದಾಗಿ ಬಂದಿದ್ದರು. ಮಂಡ್ಯದ ಕಡೆಯವರು. ಜೋಳದ ರೊಟ್ಟಿ ಇನ್ನೂ ಅವರ ಹೊಟ್ಟೆಗೆ ಒಗ್ಗಿರಲಿಲ್ಲ. ನಮ್ಮ ತರಗತಿಯ ಕಪ್ಪುಹಲಗೆ ಪಶ್ಚಿಮದ ಗೋಡೆಗಿತ್ತು. ಅದರ ಪಕ್ಕ ಭಾರತದ ನಕ್ಷೆ ತೂಗುಹಾಕಿ, ಸರ್ ಕೋಲಿನಿಂದ ತೋರಿಸಿದರು.

“ನೋಡ್ರಪ್ಪಾ, ನಾವಿರೋದು ಇಲ್ಲಿ. ಸೊಲ್ಲಾಪುರ ಇಲ್ಲಿ.” ಕೋಲು ನಕ್ಷೆಯ ಎಡಕ್ಕೆ ಸರಿಯಿತು. ಇಡೀ ತರಗತಿ ನಕ್ಕಿತು.

“ಯಾಕ್ರೋ ನಗ್ತೀರಾ?”

ಕೊನೆಯ ಬೆಂಚಿನ ಮಲ್ಲಪ್ಪ ಎದ್ದು ನಿಂತ. “ಸರ್, ನಿಮ್ಮ ಕೋಲು ತೆಂಕಲಕ್ಕ, ಅಫಜಲಪುರದ ಕಡಿ ಹೊಂಟದ್ರಿ. ಸೊಲ್ಲಾಪುರ ಪಡುವಲಕ್ಕ, ನಿಮ್ಮ ಬೆನ್ನ ಹಿಂದ ಗ್ವಾಡಿ ಆಚಿಗಿ ಅದ.”

“ನಕ್ಷೇಲಿ ಉತ್ತರ ಯಾವಾಗ್ಲೂ ಮೇಲಿರುತ್ತೆ ಕಣೋ.”

“ಬಡಗಲ ಮ್ಯಾಲೆ ಹ್ಯಾಂಗ ಹೋಗ್ತದ್ರಿ? ಮ್ಯಾಲೆ ತಗಡು ಅದಲ್ರಿ.”

ಸರ್ ಕೂಡ ನಕ್ಕರು. ನಾವು ಉಳಿದವರು ದಿನ ಕಳೆದಂತೆ ನಕ್ಷೆಯನ್ನು ಬಾಯಿಪಾಠದ ಹಾಗೆ ಕೈಪಾಠ ಮಾಡಿಕೊಂಡೆವು. ನನ್ನ ಬೆಂಚಿನ ಜಗದೇವಿಗೆ ಮಾತ್ರ ಅದು ಸಾಧ್ಯವಾಗಲಿಲ್ಲ. ಅವಳು ಅತನೂರದವಳು. ಓದಲೆಂದು ನಮ್ಮೂರಿನ ಸೋದರತ್ತೆಯ ಮನೆಯಲ್ಲಿದ್ದಳು. ಗಣಿತದಲ್ಲಿ ನಮಗೆಲ್ಲ ಅವಳೇ ಆಸರೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಬರೆದ ಭಾರತ ಹೀಗಿತ್ತು: ಗುಜರಾತು ನೆತ್ತಿಯ ಮೇಲೆ, ಕಾಶ್ಮೀರ ಬಲಕ್ಕೆ, ಕನ್ಯಾಕುಮಾರಿ ಎಡಕ್ಕೆ.

“ಭಾರತ ಯಾಕಮ್ಮಾ ಮಲಗಿಬಿಟ್ಟಿದೆ?” ಎಂದರು ಸರ್.

“ಮಲಗಿಲ್ರಿ ಸರ್. ನಾ ಪಡುವಲಕ್ಕ ಮಾರಿ ಮಾಡಿ ಕುಂತೇನ್ರಿ. ಮುಂದ ಇದ್ದದ್ದು ಮುಂದ ಬರದೇನಿ.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಉತ್ತರವನ್ನು ಮೇಲಿಟ್ಟು ಬರೆಯಲು ಹೋದರೆ ಕೈ ನಿಲ್ಲುತ್ತಿತ್ತು. ನದಿ, ಬಂದರು, ಮಣ್ಣು ಎಲ್ಲವೂ ನಕ್ಷೆಯೊಂದಿಗೆ ಕಲಸಿಹೋಗುತ್ತಿದ್ದವು. ಆ ಪರೀಕ್ಷೆಯಲ್ಲಿ ಅವಳು ಫೇಲಾದದ್ದು ಸಮಾಜ ವಿಜ್ಞಾನ ಒಂದರಲ್ಲೇ.

ಎಳ್ಳ ಅಮಾವಾಸ್ಯೆಗೆ ಜಗದೇವಿಯ ಅತ್ತೆ ಸರ್ ಅವರನ್ನು ಹೊಲಕ್ಕೆ ಊಟಕ್ಕೆ ಕರೆದರು. ನಾನೂ ಹೋಗಿದ್ದೆ. ತೊಗರಿ ಒಣಗಿ ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಬಿಳಿಜೋಳ ತೆನೆ ಕಟ್ಟಿತ್ತು. ಕಡಲೆ ಗಿಡದ ಹುಳಿ ನಮ್ಮ ಕಾಲಿಗೆ ಅಂಟಿತ್ತು. ಬುಟ್ಟಿಯ ಬಟ್ಟೆ ತೆಗೆದ ಕೂಡಲೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ಘಮ ಎದ್ದಿತು. ಸೊಪ್ಪು, ಹಸಿಕಾಳು ಹಾಕಿ ಕುದಿಸಿದ ಭಜ್ಜಿ ಇನ್ನೂ ಬಿಸಿಯಾಗಿತ್ತು. ಸರ್ ಸಜ್ಜೆರೊಟ್ಟಿಯನ್ನು ಅನುಮಾನದಿಂದ ಮುರಿದು, ಭಜ್ಜಿಯಲ್ಲಿ ಅದ್ದಿ, ಮತ್ತೊಂದು ಕೇಳಿದರು.

ಜಗದೇವಿಯ ಅಪ್ಪ ಹಬ್ಬಕ್ಕೆಂದು ಅತನೂರದಿಂದ ಬಂದಿದ್ದರು. ಊಟದ ನಡುವೆ ಅವರು ಮಾತು ತೆಗೆದರು.

“ಸರ್, ಎಲ್ಲಾದರಾಗ ಪಾಸ್ ಆಗ್ತಾಳ, ಸಮಾಜದಾಗ ಯಾಕ ಹಿಂಗ್ರಿ?”

“ಬರುತ್ತೆ ಯಜಮಾನ್ರೇ. ನಕ್ಷೆ ಒಂದು ಹಿಡಿದುಬಿಟ್ರೆ ದಡ ಸೇರ್ತಾಳೆ.”

“ಪಾಸಾದ್ರ ಆಳಂದ ಕಾಲೇಜಿಗಿ ಹಚ್ತೇನ್ರಿ, ಮಾತು ಕೊಟ್ಟೇನಿ. ಆಗಲಿಲ್ಲಂದ್ರ ನನ್ನ ಕೂಡ ಊರಿಗಿ ಬರ್ಲಿ. ಒಂದಕ್ಕ ಎರಡು ವರ್ಷ ಇಲ್ಲಿ ಇಡಾಕ ಆಗಂಗಿಲ್ಲ.”

ಜಗದೇವಿ ರೊಟ್ಟಿ ಹಿಡಿದ ಕೈಯನ್ನು ಹಾಗೇ ತಟ್ಟೆಗಿಳಿಸಿದಳು. ಅವಳ ಅತ್ತೆ ಮಾತು ತಿರುಗಿಸಲು, “ಏಳು ಬೇ, ಚರಗ ಚೆಲ್ಲಿ ಬಾ. ಬಡಗಲ ಬದುವಿನಿಂದ ಸುರು ಮಾಡು” ಎಂದರು. ಬೆಳೆದು ನಿಂತ ಭೂಮಿಗೆ ಮೊದಲ ತುತ್ತು ಉಣಿಸುವುದು ಆ ಹಬ್ಬದ ಪದ್ಧತಿ. ಅದನ್ನೇ ಚರಗ ಎನ್ನುವುದು. ಜಗದೇವಿ ಎದೆಯೆತ್ತರದ ಜೋಳದಲ್ಲಿ ಮುಳುಗಿ, ಸುತ್ತು ಹಾಕುತ್ತಾ, ಒಂದೊಂದು ದಿಕ್ಕಿಗೂ ನಿಂತು ಎಸೆದಳು. ಒಮ್ಮೆಯೂ ತಲೆಯೆತ್ತಿ ಸೂರ್ಯನನ್ನು ನೋಡಲಿಲ್ಲ. ಸರ್ ಊಟ ಬಿಟ್ಟು ಅವಳನ್ನೇ ನೋಡುತ್ತಿದ್ದರು.

ಮರುದಿನ ಅವರು ನಕ್ಷೆಯನ್ನು ಗೋಡೆಯಿಂದ ಇಳಿಸಿದರು. ಬೆಂಚುಗಳನ್ನು ಬದಿಗೆ ಸರಿಸಿ, ನಕ್ಷೆಯನ್ನು ನೆಲಕ್ಕೆ ಹಾಸಿ, ಕಾಶ್ಮೀರವನ್ನು ಬಡಗಲಕ್ಕೆ ತಿರುಗಿಸಿದರು. “ಈಗ ಹೇಳಿ, ಸೊಲ್ಲಾಪುರ ಎಲ್ಲಿ?” ಎಲ್ಲರ ಕೈಯೂ ಒಂದೇ ಕಡೆ ಹೋಯಿತು. ನಕ್ಷೆಯೂ ಅದನ್ನೇ ಹೇಳುತ್ತಿತ್ತು. ಜಗದೇವಿ ನಕ್ಷೆಯ ತೆಂಕಲಕ್ಕೆ, ಕನ್ಯಾಕುಮಾರಿಯ ಬುಡದಲ್ಲಿ ಕೂತಳು.

“ಇಲ್ಲಿಂದ ನೋಡಿದ್ರ ಎಲ್ಲಾ ಖರೇನ ಅದರಿ ಸರ್!”

ಅಂದಿನಿಂದ ಭೂಗೋಳವೆಂದರೆ ನಮಗೆ ಕಡಪಾಕಲ್ಲಿನ ತಂಪು ನೆಲ. ಎಲ್ಲರೂ ಬಡಗಲಕ್ಕೆ ಮುಖ ಮಾಡಿ, ಮೊಣಕಾಲೂರಿ, ಭಾರತ ಬರೆಯುತ್ತಿದ್ದೆವು. ಜಗದೇವಿಯ ಗೆರೆ ನಮ್ಮೆಲ್ಲರದ್ದಕ್ಕಿಂತ ಚೆನ್ನಾಗಿ ಬೀಳತೊಡಗಿತು. ಸಂಜೆ ಕಟ್ಟೆಯ ಮೇಲೆ ಸುಟ್ಟ ಹಸಿಜೋಳದ ಸೀತನಿ ತಿನ್ನುತ್ತಾ, ಬೂದಿಯಲ್ಲಿ ಬೆರಳಿನಿಂದ ಅವಳು ಗೋದಾವರಿ, ಕೃಷ್ಣಾ, ಭೀಮಾ ಎಳೆಯುತ್ತಿದ್ದಳು. ಭೀಮಾ ಬಂದಾಗ ಮಾತ್ರ ಬೆರಳು ನಿಲ್ಲಿಸಿ, “ಇಲ್ಲಿ ನಮ್ಮೂರು” ಎನ್ನುತ್ತಿದ್ದಳು.

ವಾರ್ಷಿಕ ಪರೀಕ್ಷೆ ಆಳಂದದಲ್ಲಿ. ಬಸ್ ನಿಲ್ದಾಣದಿಂದ ಓಣಿಗಳನ್ನು ಹಾದು, ಗೊತ್ತಿಲ್ಲದ ಶಾಲೆಯ ಮೆಟ್ಟಿಲು ಹತ್ತಿ, ಕೋಣೆ ಸೇರಿದೆವು. ಕಿಟಕಿಗಳನ್ನು ಮುಚ್ಚಿದ್ದರು. ಜಗದೇವಿ ನನ್ನ ಮುಂದಿನ ಬೆಂಚಿನಲ್ಲಿದ್ದಳು. ಕೂತವಳೇ ತಿರುಗಿ ಪಿಸುಗುಟ್ಟಿದಳು: “ಬಡಗಲ ಯಾವ ಕಡಿ ಬೇ? ನನಗ ದಿಕ್ಕೇ ತಿಳಿವಲ್ದು.” ನನಗೂ ತಿಳಿದಿರಲಿಲ್ಲ.

ಉಳಿದ ಉತ್ತರಗಳನ್ನೆಲ್ಲ ಬರೆದ ಮೇಲೆ ಅವಳು ನೀರು ಕೇಳಿ ಎದ್ದಳು. ಮಣ್ಣಿನ ಗಡಿಗೆ ಹೊರಗೆ ಪಡಸಾಲೆಯಲ್ಲಿತ್ತು. ಲೋಟ ಹಿಡಿದು ನಿಂತವಳು ಕುಡಿಯುವುದು ಬಿಟ್ಟು ನೆಲ ನೋಡುತ್ತಿದ್ದಳು. ಇನ್ನೂ ಮಧ್ಯಾಹ್ನವಾಗಿರಲಿಲ್ಲ, ಕಂಬದ ನೆರಳು ಪಡುವಲಕ್ಕೆ ಬಿದ್ದಿರಬೇಕು. ಒಳಗೆ ಬಂದು, ಬೆಂಚಿನ ಮೇಲೆ ಅಡ್ಡ ತಿರುಗಿ, ಹಾಳೆಯನ್ನೂ ಅಡ್ಡ ತಿರುಗಿಸಿಕೊಂಡಳು.

ಮೇಲ್ವಿಚಾರಣೆಯ ಮೇಡಂ ತಕ್ಷಣ ಬಂದರು. “ಯಾಕವ್ವ, ಬಾಜುದಾಕಿ ಪೇಪರ್ ನೋಡಾಕತ್ತಿ?”

“ಇಲ್ರಿ ಮೇಡಂ. ನಕ್ಷಾ ಬರಿಯೋದದರಿ. ಬಡಗಲಕ್ಕ ಮಾರಿ ಮಾಡೇನ್ರಿ.”

ಮೇಡಂ ಅವಳ ಮುಖ ನೋಡಿದರು, ಹಾಳೆ ನೋಡಿದರು. ಎಬ್ಬಿಸಿ ಹೊರಗೆ ಹಾಕುತ್ತಾರೆಂದುಕೊಂಡೆ.

“ಹಂಗಿದ್ರ ಆ ಮೂಲ್ಯಾಗಿನ ಖಾಲಿ ಬೆಂಚಿಗಿ ನಡಿ. ಅಲ್ಲಿ ಯಾವ ಕಡಿಗ್ಯಾದ್ರೂ ತಿರುಗಿ ಬರಿ” ಎಂದರು.

ಅವಳು ಬಡಗಲದ ಗೋಡೆಗೆ ಮುಖ ಕೊಟ್ಟು ಬರೆದಳು. ಪೆನ್ಸಿಲ್ ಎಲ್ಲೂ ನಿಲ್ಲಲಿಲ್ಲ.

ಅವಳು ಪಾಸಾದಳು. ಅಪ್ಪ ಮಾತು ಉಳಿಸಿಕೊಂಡರು. ಆಳಂದದಲ್ಲಿ ಕಾಲೇಜು ಮುಗಿಸಿ, ಶಿಕ್ಷಕಿಯಾಗಿ, ಈಗ ಜೇವರ್ಗಿಯಲ್ಲಿದ್ದಾಳೆ. ಮಕ್ಕಳಿಗೆ ಕಲಿಸುವುದು ಸಮಾಜ ವಿಜ್ಞಾನವನ್ನೇ. ಕಳೆದ ಬೇಸಿಗೆಯಲ್ಲಿ ಪತ್ರಿಕೆಯ ವರದಿ ಕೆಲಸದ ಮೇಲೆ ಆ ಕಡೆ ಹೋದಾಗ ಅವಳ ಮನೆಗೆ ಹೋಗಿದ್ದೆ. ಹೊಸ ಬಡಾವಣೆ, ಒಂದೇ ಅಳತೆಯ ಮನೆಗಳು. ಅವಳು ಕಳಿಸಿದ ಲೊಕೇಶನ್ ಹಿಡಿದು ಹೋದೆ. ಕಾರು ತಿರುಗಿದಾಗೆಲ್ಲ ಫೋನಿನ ನಕ್ಷೆಯೂ ತಿರುಗುತ್ತಿತ್ತು. ನಾನು ಹೋಗುವ ದಿಕ್ಕೇ ಸದಾ ಮೇಲೆ.

ಊಟವಾದ ಮೇಲೆ ಅಂಗಳಕ್ಕೆ ಬಂದು ನಿಂತೆವು. ಮಾತಿಗೆಂದು ಕೇಳಿದೆ: “ಅತನೂರ ಇಲ್ಲಿಂದ ಯಾವ ಕಡಿ ಬರ್ತದ ಜಗದೇವಿ?”

“ಅದೇನು ಕೇಳ್ತಿ, ಇಕಾ ಹೀಂಗ...” ಎಂದು ಕೈ ಎತ್ತಿದಳು. ಕೈ ಒಂದು ಮನೆಯ ಕಡೆ ಹೋಯಿತು, ಅಲ್ಲಿಂದ ಇನ್ನೊಂದರ ಕಡೆ ಸರಿಯಿತು. ಅಂಗಳದ ನೆಲ ನೋಡಿದಳು. ನಡು ಮಧ್ಯಾಹ್ನ. ನಮ್ಮಿಬ್ಬರ ನೆರಳೂ ಕಾಲ ಕೆಳಗೇ ಇದ್ದವು.

“ಸಂಜಿ ಆಗ್ಲಿ ತಡಿ, ಹೇಳ್ತೇನಿ” ಎಂದು ಕೈ ಇಳಿಸಿದಳು.

ನಾನು ಸಂಜೆಯೊಳಗೆ ಹೊರಡಬೇಕಿತ್ತು.