ನೈಜೀರಿಯಾದ ದೆವ್ವ, ಹರಿಯಬ್ಬೆಯ ಗೋಡೆ

ನೈಜೀರಿಯಾ ದೇಶದ ಸಿನಿಮಾ ಚರಿತ್ರೆಯನ್ನು ನಾನು ತಿಳಿಯಬೇಕಾದ ಅಗತ್ಯ ಯಾವ ಕಡೆಯಿಂದ ನೋಡಿದರೂ ಇರಲಿಲ್ಲ. ಹೊಳಲ್ಕೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳುವವನು ನಾನು. ನಮ್ಮ ಪಾಠದಲ್ಲಿ ಆ ದೇಶಕ್ಕೆ ಸಿಕ್ಕಿರುವುದು ಭೂಪಟದಲ್ಲಿ ಒಂದು ಬಣ್ಣ ಮಾತ್ರ. ಆದರೂ ಈಗ ಅದರ ಬಗ್ಗೆ ನಿಲ್ಲಿಸದೆ ಮಾತಾಡಬಲ್ಲೆ, ಮದುವೆ ಊಟದಲ್ಲಿ ಪಕ್ಕದ ಎಲೆಯವರು ಪಾಯಸ ಬಿಟ್ಟು ಏಳುವಷ್ಟು. ಇದಕ್ಕೆ ಕಾರಣ ವಿದ್ವತ್ತಲ್ಲ, ಭಯ.

ಭಯ ಹತ್ತಿಸಿದವಳು ಅಕ್ಕನ ಮಗಳು ವಿನುತಾ. ಚಿತ್ರದುರ್ಗದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಅವಳಿಗೆ ನೈಜೀರಿಯಾದ ಸಿನಿಮಾ ಎಂದರೆ ಹುಚ್ಚು. ಸ್ಟುಡಿಯೋ ಗಿಡಿಯೋ ಇಲ್ಲದೆ ಯಾರದೋ ನಡುಮನೆಯಲ್ಲಿ, ನಟರ ಮನೆಯ ಬಟ್ಟೆಯಲ್ಲೇ ಅವರೊಂದು ಉದ್ಯಮ ಕಟ್ಟಿದ್ದಾರೆ, ನಾವೇಕೆ ಕೂತಿದ್ದೇವೆ ಎಂದು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ ಒಂದು ಹಳೆಯ ಮನೆ ಹಿಡಿದು, ಫೋನಿನಲ್ಲೇ ಕಿರುಚಿತ್ರ ತೆಗೆಯಲು ಹೊರಟಳು. ನನಗೂ ಪಾತ್ರವಿತ್ತು.

"ಮಾವ, ನೀವು ಡೈಲಾಗ್ ಹೇಳೋದು ಬ್ಯಾಡ, ಅಲ್ಲಿಗೆ ಬರೋದೂ ಬ್ಯಾಡ. ಗೋಡೆ ಮ್ಯಾಲಿದ್ರೆ ಸಾಕು."

ಸತ್ತ ಅಪ್ಪನ ಪಾತ್ರ. ಫೋಟೋ, ಅದಕ್ಕೊಂದು ಹಾರ, ಮುಂದೆ ದೀಪ. "ನಿಮ್ ಮುಖ ಅದಕ್ಕೇ ಹೇಳಿ ಮಾಡಿಸ್ದಂಗೈತೆ" ಎಂದಳು. ಇದನ್ನು ಹೊಗಳಿಕೆಯ ಲೆಕ್ಕಕ್ಕೆ ಹಾಕಬೇಕೋ ಬೇಡವೋ ಎಂದು ನಾನು ಯೋಚಿಸುವುದರೊಳಗೆ ನನ್ನ ಹೆಂಡತಿ ಫೋಟೋದ ಧೂಳು ಒರೆಸಿ ಅವಳ ಕೈಗೆ ಕೊಟ್ಟಾಗಿತ್ತು.

ಮಾತ್ರೆ ನುಂಗುವ ಮೊದಲು ಡಬ್ಬಿಯೊಳಗಿನ ಚೀಟಿ ಬಿಡಿಸಿ ಅಡ್ಡಪರಿಣಾಮಗಳನ್ನು ಓದುವವರ ಪೈಕಿ ನಾನು. ಬದುಕಿರುವಾಗಲೇ ಹೀಗೆ ಹಾರ ಹಾಕಿಸಿಕೊಂಡ ಬೇರೆಯವರಿಗೆ ಏನಾದರೂ ಆಗಿದೆಯೇ ಎಂದು ನೋಡಲು ನೈಜೀರಿಯಾದ ಸಿನಿಮಾ ಚರಿತ್ರೆಗೆ ಕೈಹಾಕಿದೆ.

ಆ ಚರಿತ್ರೆ ಮೊದಮೊದಲು ನಮ್ಮದೇ ಎನಿಸಿತು. ಬ್ರಿಟಿಷರ ಕಾಲದಲ್ಲಿ ವ್ಯಾನುಗಳು ಹಳ್ಳಿಗೆ ಬಂದು, ಪರದೆ ಕಟ್ಟಿ, ಕೈ ತೊಳೆಯಿರಿ ಎಂಬಂಥ ಚಿತ್ರ ತೋರಿಸುತ್ತಿದ್ದವು. ಆಮೇಲೆ ನಮ್ಮ ಕಂಪನಿ ನಾಟಕಗಳಂತೆ ಊರೂರು ಅಲೆಯುತ್ತಿದ್ದ ಅಲ್ಲಿನ ಮಂಡಳಿಗಳು ರೀಲಿಗೆ ಇಳಿದವು. ಹಣದ ಬೆಲೆ ಕುಸಿದು ರೀಲು ಕೈಗೆಟುಕದಾಯಿತು. ಕತ್ತಲಾದ ಮೇಲೆ ಬೀದಿಗೆ ಕಾಲಿಡಲು ಜನ ಹೆದರಿದರು. ಟಾಕೀಸುಗಳು ಗೋದಾಮಾದವು, ಪ್ರಾರ್ಥನಾ ಮಂದಿರವಾದವು. ಆಗ ಖಾಲಿ ಕ್ಯಾಸೆಟ್ ಮಾರುವ ವ್ಯಾಪಾರಿಗಳಿಗೆ ಬುದ್ಧಿ ಹೊಳೆಯಿತು: ಖಾಲಿ ಕ್ಯಾಸೆಟ್‌ಗಿಂತ ಕಥೆ ತುಂಬಿದ ಕ್ಯಾಸೆಟ್ ಬೇಗ ಬಿಕರಿಯಾಗುತ್ತದೆ. ಕಥೆಗಳಾದರೂ ಎಂಥವು? ಸಿರಿವಂತಿಕೆಗಾಗಿ ಹೆಂಡತಿಯನ್ನು ಬಲಿಕೊಟ್ಟವನ ಮುಂದೆ ಆಕೆ ಬಿಳಿ ಬಟ್ಟೆಯುಟ್ಟು ಬಂದು ನಿಲ್ಲುವಂಥವು. ನಡುಮನೆಯಲ್ಲಿ ತೆಗೆದದ್ದನ್ನು ಜನ ನಡುಮನೆಯಲ್ಲೇ ಕೂತು ನೋಡಿದರು. ಭಯ ಬೀದಿಯಲ್ಲಿದೆ ಎಂದು ಅಗುಳಿ ಹಾಕಿಕೊಂಡವರ ಪಕ್ಕದಲ್ಲೇ ದೆವ್ವ ಬಂದು ಚಾಪೆ ಹಾಸಿತು ಎನ್ನಿ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಸುಖವಾಗಿರುತ್ತಿದ್ದೆ. ಮುಂದೆ ಓದಿದೆ. ಅಲ್ಲಿನ ಕೆಲವು ನಟರು ಶವಪೆಟ್ಟಿಗೆಯಲ್ಲಿ ಮಲಗುವ ಪಾತ್ರಕ್ಕೆ ಸುಲಭವಾಗಿ ಒಪ್ಪುವುದಿಲ್ಲವಂತೆ. ಒಪ್ಪಿದರೂ ಪ್ರಾರ್ಥನೆ ಮಾಡಿಸಿಯೇ ಮಲಗುತ್ತಾರಂತೆ. ದಿನಕ್ಕೊಂದು ಸಾವನ್ನು ನಟಿಸುವವರಿಗೇ ಈ ಹೆದರಿಕೆ. ನಾನೋ ಯಾವ ಪ್ರಾರ್ಥನೆಯೂ ಇಲ್ಲದೆ ಗೋಡೆ ಹತ್ತಿದ್ದೆ. ಎದೆಯಲ್ಲಿ ಎಡಕ್ಕೊಂದು ಸಣ್ಣ ನೋವು ಕಾಣಿಸಿಕೊಂಡಿತು. ಡಾಕ್ಟರು ಗ್ಯಾಸ್ ಎಂದರು. ಅವರಿಗೆ ಹಾರದ ವಿಷಯ ಗೊತ್ತಿರಲಿಲ್ಲ.

ಚಿತ್ರ ಮುಗಿದು ಎಷ್ಟೋ ತಿಂಗಳಾದರೂ ಫೋಟೋ ಬರಲಿಲ್ಲ. ಕೇಳಿದರೆ ವಿನುತಾ ತಡವರಿಸಿದಳು. "ಹರಿಯಬ್ಬೆ ಮನೆ ಅಜ್ಜಿ ಬಿಡವಲ್ಲರು ಮಾವ. ದಿನಾ ದೀಪ ಹಚ್ತಾರಂತೆ."

ದಿನಾ. ಸಿನಿಮಾ ಮುಗಿದ ಮೇಲೂ ನನ್ನ ಸಾವು ಮುಂದುವರಿದಿತ್ತು.

ರಜೆ ಇದೆಯೆಂದು ವಿನುತಾ, ನಾನು ಇಬ್ಬರೂ ಹರಿಯಬ್ಬೆಗೆ ಹೊರಟೆವು. ರಜೆ ಯಾತಕ್ಕೆ ಎಂಬುದು ನನಗೆ ಹೊಳೆದದ್ದು ಹಿರಿಯೂರು ದಾಟಿದ ಮೇಲೆ: ಮಹಾಲಯ ಅಮಾವಾಸ್ಯೆ. ಸತ್ತವರಿಗೆ ಎಡೆ ಇಡುವ ದಿನ.

ಅಂಗಳದಲ್ಲಿ ಈರುಳ್ಳಿ ಹರಡಿತ್ತು. ಅಜ್ಜಿ ತಿಪ್ಪಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡಿ ಬೆಚ್ಚುತ್ತಾಳೆಂದು ನಾನು ಮುಂಚೆಯೇ ಮುಖ ಸಡಿಲಿಸಿಕೊಂಡಿದ್ದೆ. ಆಕೆ ಬೆಚ್ಚಲಿಲ್ಲ. "ಬರ್ರಿ, ಕುಂತ್ಕಳ್ರಿ" ಎಂದವಳು ಒಳಗಿನ ಗೋಡೆಯ ಕಡೆ ತಿರುಗಿ, "ನೋಡ್ರಿ, ಯಾರ್ ಬಂದಾರೆ" ಎಂದಳು.

ಗೋಡೆಯ ಮೇಲೆ ನಾನಿದ್ದೆ. ಗಾಜಿನ ಮೇಲೆ ಹಣೆಯ ಜಾಗಕ್ಕೆ ವಿಭೂತಿ, ಕೊರಳಿಗೆ ಸೇವಂತಿಗೆ. ಕೆಳಗೆ ಬಾಳೆಎಲೆಯಲ್ಲಿ ಹೋಳಿಗೆ, ಬದನೆಕಾಯಿ ಪಲ್ಯ, ಅನ್ನದಿಂದ ಇನ್ನೂ ಆವಿ ಏಳುತ್ತಿತ್ತು. ಕಣ್ಣು ನನ್ನವೇ, ನೋಟ ಮಾತ್ರ ನನ್ನದಲ್ಲ. ಈ ಮನೆಯಲ್ಲಿ ಬಹಳ ಕಾಲದಿಂದ ಇದ್ದವನೊಬ್ಬ, ಈಗ ಬಂದ ನೆಂಟನನ್ನು ನೋಡುವ ನೋಟ ಅದು.

"ಬಂದ ಹೊಸ್ದರಾಗೆ ಮುಖ ಗಂಟಾಕ್ಕಂಡಿದ್ರು," ಎಂದಳು ತಿಪ್ಪಮ್ಮ. "ಈಗ ಸಮಾಧಾನ ಆಗ್ಯಾರೆ."

ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು ಇತ್ತು, ನಿಜ. ನಮ್ಮ ಮನೆಯಲ್ಲಿದ್ದಾಗ ಅದು ಇರಲಿಲ್ಲವೆಂದು ನಾನು ಪ್ರಮಾಣ ಮಾಡುತ್ತೇನೆ. ನನ್ನ ಹೆಂಡತಿ ಇನ್ನೂ ಗಟ್ಟಿಯಾಗಿ ಮಾಡುತ್ತಾಳೆ.

"ಅಮ್ಮ, ಅದು ನನ್ನ ಫೋಟೋ," ಎಂದೆ. ನನ್ನ ದನಿ ನನಗೇ ಅನುಮಾನದ್ದಾಗಿ ಕೇಳಿತು.

"ಗೊತ್ತೈತೆ. ಮುಖ ನಿಮ್ದು. ಒಳಗಿರೋರು ನಮ್ಮೋರು."

ಗಂಡ ಹೋದಾಗ ಆಕೆಗೆ ಚಿಕ್ಕ ವಯಸ್ಸು. ಮದುವೆಯಲ್ಲೂ ಫೋಟೋ ತೆಗೆಸಿರಲಿಲ್ಲ. "ಕೈ ನೆನಪೈತೆ, ನಡಿಗೆ ನೆನಪೈತೆ. ಮುಖ ಮರ್ತೋತು. ನೆನಸ್ಕಂಡ್ರೆ ರುಮಾಲು ಬರ್ತೈತೆ, ಅದರ ಕೆಳಗೆ ಏನೂ ಇರಲ್ಲ. ಇಷ್ಟು ವರ್ಷ ಬರೇ ಗೋಡೆಗೆ ಎಡೆ ಇಟ್ಟೀನಿ. ನಿಮ್ ಹುಡುಗ್ರು ಇದನ್ನ ನೇತಾಕಿ ದೀಪ ಹಚ್ಚಿದ್ರು ನೋಡ್ರಿ, ಅವತ್ತು ಸಂಜಿಕೆ ಬಂದು ಸೇರ್ಕಂಡ್ರು."

ನಾನು ಬಂದ ಕೆಲಸ ಮುಗಿಸಬೇಕೆಂದು ಎದ್ದು ಕೈ ಚಾಚಿದೆ. ತಿಪ್ಪಮ್ಮ ತಡೆಯಲಿಲ್ಲ.

"ತಗಂಡ್ ಹೋಗ್ರಿ, ನಿಮ್ದೇ ಐತಲ್ಲ. ಆದ್ರೆ ಊಟ ಆಗ್ಲಿ ತಡೀರಿ. ಊಟಕ್ಕೆ ಕುಂತೋರ್ನ ಎಬ್ಬಿಸ್ಬಾರ್ದು."

ಅದು ನನಗೆ ಹೇಳಿದ್ದಲ್ಲ. ನಾನಿನ್ನೂ ಊಟಕ್ಕೆ ಕೂತಿರಲಿಲ್ಲ. ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಎದೆಗೆ ತಂದು ಇನ್ನೊಂದನ್ನು ಜೋಡಿಸಿದೆ. ನನಗೆ ನಾನೇ ಕೈಮುಗಿದಂತಾಯಿತು. ಅಲ್ಲ, ಯಾರಿಗೆ ಮುಗಿದೆನೋ ಅವರಿಗೇ ಗೊತ್ತು. ಸ್ವಲ್ಪ ಹೊತ್ತಿಗೆ ಆಕೆ ಆ ಎಡೆಯನ್ನೇ ನಮಗೂ ಹಂಚಿದಳು. ಹೋಳಿಗೆಯ ಒಂದು ಅಂಚು ಮುರಿದಿತ್ತು. ನಾನು ಏನನ್ನೂ ಕೇಳದೆ ತಿಂದೆ.

ಹೊರಡುವಾಗ ನಾನೇ ಹೇಳಿದೆ: "ಫೋಟೋ ಇಲ್ಲೇ ಇರಲಿ ಬಿಡ್ರಮ್ಮ."

ಆಕೆ ಸೆರಗಿನಿಂದ ಗಾಜು ಒರೆಸಿದಳು. "ಹಂಗಾರೆ ಇನ್ನೊಂದು ಮಾತು. ನನ್ ತಲಿ ನೋಡ್ರಿ, ಹತ್ತಿ ಆಗೈತೆ. ಇವ್ರು ಹಿಂಗೇ ಕರ್ರಗೆ ಕುಂತಿದ್ರೆ ನೋಡ್ದೋರು ಏನಂದಾರು? ಆಗಾಗ ನಿಮ್ದೊಂದು ಹೊಸಾ ಫೋಟೋ ಕೊಟ್ಟು ಹೋಗ್ರಿ. ಇಬ್ರೂ ಒಟ್ಟಿಗೆ ಮುದುಕ್ರಾಗ್ತೀವಿ."

ದಾರಿಯುದ್ದಕ್ಕೂ ನನಗೆ ಅದೇ ಲೆಕ್ಕ. ಕಾಣದ ಒಬ್ಬ ಸತ್ತವನಿಗೆ ವಯಸ್ಸಾಗಬೇಕಾದರೆ ನಾನು ಬದುಕಿರಲೇಬೇಕು. ಆಯಸ್ಸಿಗೆ ಇಂಥ ಜಾಮೀನು ನೈಜೀರಿಯಾದ ಯಾವ ನಟನಿಗೂ ಸಿಕ್ಕಿರಲಾರದು.

ಮೊನ್ನೆ ಚಿತ್ರದುರ್ಗದ ಸ್ಟುಡಿಯೋಕ್ಕೆ ಹೋಗಿದ್ದೆ. ಫೋಟೋ ತೆಗೆದವನು ಕಂಪ್ಯೂಟರಿನಲ್ಲಿ ನನ್ನ ಮುಖ ಹಿಗ್ಗಿಸಿ, "ಸಾರ್, ಬಿಳಿ ಕೂದ್ಲು ಕಪ್ಪು ಮಾಡಿ ಈ ಸುಕ್ಕು ತೆಗೆದ್ಬಿಡ್ತೀನಿ, ಎಷ್ಟೊತ್ತು" ಎಂದ.

"ಇರ್ಲಿ ಬಿಡಪ್ಪ," ಎಂದೆ. "ಅವಕ್ಕೇ ಒಬ್ರು ಕಾಯ್ತಾ ಕುಂತಾರೆ."