ಹತ್ತಕ್ಕೆ ಹತ್ತು

ಮಕ್ಕಳು ಅವನಿಗಿಟ್ಟ ಹೆಸರು ರಬ್ಬರ್ ಮೇಷ್ಟ್ರು. ಹಾಗಂತ ಅವನೇನೂ ರಬ್ಬರ್ ಮುಟ್ಟುತ್ತಿರಲಿಲ್ಲ. ಮನೆಯ ಮಹಡಿಯಲ್ಲಿ ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಪೆನ್ಸಿಲಿನಲ್ಲಿ ಮುಖ ಬರೆಯಲು ಕಲಿಸುತ್ತಿದ್ದ. ತಪ್ಪಿನ ಮೇಲೆ ಬೆರಳಿಡುವನು. ಬರೆದ ಕೈಯೇ ಅದನ್ನು ಅಳಿಸಬೇಕು, ಅದೂ ಎಲ್ಲರೆದುರು. "ಗೊತ್ತಿರೋದನ್ನ ಬರೀಬೇಡ, ಕಾಣೋದನ್ನ ಬರಿ" ಎಂಬುದು ಅವನ ಮಂತ್ರ. ಪಳಗಿದ ಕೈ, ಇಲ್ಲವೆನ್ನಲಾಗದು. ನಾಲಿಗೆ ಮಾತ್ರ ಅಬ್ಬಬ್ಬಾ! ಹತ್ತಕ್ಕೆ ಹತ್ತು ಯಾರಿಗೂ ಕೊಟ್ಟವನಲ್ಲ. ಸ್ವಂತ ಮಗಳೇ ಮೂರು ವರ್ಷದಿಂದ ಏಳರಲ್ಲಿ ಒದ್ದಾಡುತ್ತಿದ್ದಳು.

ಆ ಹುಡುಗಿಗೆ ಮನೆಯಲ್ಲಿ ಇನ್ನೊಂದು ಕೆಲಸವಿತ್ತು. ಹಿಂದಿನ ವರ್ಷ ತಾಯಿಯ ಮುಖದ ಎಡಭಾಗ ಇದ್ದಕ್ಕಿದ್ದಂತೆ ಜೋತುಬಿದ್ದಿತ್ತು. ಆಸ್ಪತ್ರೆಯಿಂದ ಬಂದವಳೇ ಆಕೆ ಕನ್ನಡಿಗಳನ್ನೆಲ್ಲ ಗೋಡೆಗೆ ತಿರುಗಿಸಿಟ್ಟಳು. ಅಲ್ಲಿಂದ ಮುಂದೆ ಕನ್ನಡಿಯೆಂದರೆ ಮಗಳೇ. ದಿನಾ ಬೆಳಿಗ್ಗೆ ಅವಳ ಕೈಲಿ ತಲೆ ಬಾಚಿಸಿಕೊಳ್ಳುತ್ತ ಕೇಳುವಳು, "ಇವತ್ತು ಹೇಗಿದೆಯೇ?"

"ನಿನ್ನೆಗಿಂತ ವಾಸಿ ಅಮ್ಮ."

ಹೀಗೆ ಚೂರುಚೂರೇ ವಾಸಿಯಾಗುತ್ತ, ವರ್ಷ ತುಂಬುವಷ್ಟರಲ್ಲಿ ಹುಡುಗಿಯ ಬಾಯಲ್ಲಿ ಅಮ್ಮನ ಮುಖ ಪೂರ್ತಿ ಸರಿಹೋಗಿತ್ತು. ಪಾಪ, ತಾಯಿ ನಂಬಿದಳು. ಮತ್ತೆ ಅಂಗಡಿಗೆ ಹೋಗತೊಡಗಿದಳು, ನಾಲ್ಕು ಜನರೆದುರು ನಗತೊಡಗಿದಳು.

ಒಂದು ಭಾನುವಾರ ಮೇಷ್ಟ್ರು, "ಇವತ್ತು ಫೋಟೋ ಬೇಡ, ಎದುರಿಗೆ ಕೂತೋರನ್ನ ಬರೀರಿ" ಎಂದು ಹೆಂಡತಿಯನ್ನೇ ಕರೆದು ಸ್ಟೂಲಿನ ಮೇಲೆ ಕೂರಿಸಿದ. ಆಕೆಗೋ ಸಂಭ್ರಮ. ಮಗಳು ಮಾತ್ರ ಪೆನ್ಸಿಲ್ ಎತ್ತಿಕೊಳ್ಳಲು ತಡಮಾಡಿದಳು.

ಗಂಟೆ ಕಳೆದ ಮೇಲೆ ಅಪ್ಪ ಬಂದು ಅವಳ ಹಿಂದೆ ನಿಂತ. ಹಾಳೆಯಲ್ಲಿ ಕಣ್ಣೆರಡೂ ಸಮ, ತುಟಿ ನೆಟ್ಟಗೆ. ತುಟಿಯ ಎಡತುದಿಗೆ ಬೆರಳಿಟ್ಟ.

"ಇದು ಕಂಡಿದ್ದಾ?"

"ಬೇಡಪ್ಪಾ," ಹುಡುಗಿ ಪಿಸುಗುಟ್ಟಿದಳು.

"ಅಳಿಸು. ಇಲ್ಲಾ ಇವತ್ತಿಂದ ಪೆನ್ಸಿಲ್ ಮುಟ್ಟಬೇಡ."

"ಚೆನ್ನಾಗಿ ಬರಿಯೇ!" ಎಂದು ತಾಯಿ ಸ್ಟೂಲಿನಿಂದಲೇ ನಕ್ಕಳು.

ಹುಡುಗಿ ಎದ್ದು ನಿಂತು ಅಳಿಸಿದಳು. ಕಂಡಂತೆ ಮತ್ತೆ ಬರೆಯತೊಡಗಿದಳು. ಆಮೇಲೆ, ಹೇಳಲೂ ನಾಚಿಕೆ, ಅಮ್ಮ ಮರೆತೇಹೋದಳು. ಗೆರೆ, ನೆರಳು ಇಷ್ಟೇ ಉಳಿದವು. ಜೋತ ರೆಪ್ಪೆ ಕೂದಲೆಳೆಯಷ್ಟೂ ತಪ್ಪದೆ ಹಾಳೆಗಿಳಿದಾಗ ಅವಳಿಗೆ ಖುಷಿಯಾಯಿತು. ಅಪ್ಪ ಕೆಂಪು ಪೆನ್ನು ತೆಗೆದು ಹತ್ತಕ್ಕೆ ಹತ್ತು ಬರೆದ.

ತಾಯಿ ಇಳಿದು ಬಂದು ಒಂದೊಂದೇ ಹಾಳೆ ನೋಡಿದಳು. "ಅಯ್ಯೋ, ನನ್ ಮೂತಿನ ಎಷ್ಟು ಸೊಟ್ಟ ಬರೆದಿದ್ದೀರ್ರೋ!" ಎಂದು ಮಕ್ಕಳನ್ನು ಗೇಲಿ ಮಾಡುತ್ತ ಕೊನೆಗೆ ಮಗಳ ಹಾಳೆಯ ಹತ್ತಿರ ಬಂದಳು. ನಗು ಅಲ್ಲೇ ನಿಂತಿತು. ಅಂಕದ ಮೇಲೆ ಒಮ್ಮೆ ಕಣ್ಣಾಡಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಮೆಟ್ಟಿಲಿಳಿದು ಹೋದಳು.

"ನೋಡಿದ್ರಾ? ಚಿತ್ರ ಅಂದ್ರೆ ಇದು," ಎಂದ ಮೇಷ್ಟ್ರು.

ಮರುದಿನ ಬೆಳಿಗ್ಗೆ ಆಕೆ ತಾನೇ ತಲೆ ಬಾಚಿಕೊಳ್ಳುತ್ತಿದ್ದಳು. ಮಗಳು ಬಾಗಿಲಲ್ಲಿ ನಿಂತು, ಕೇಳದಿದ್ದರೂ ಹೇಳಿದಳು, "ಇವತ್ತು ವಾಸಿ ಕಾಣ್ತಿದೆ ಅಮ್ಮ."

"ನಿನ್ನ ಕೈ ಏನ್ ಹೇಳ್ತು ನೋಡಿದೀನಿ," ಎಂದಳು ತಾಯಿ, ತಿರುಗದೆ. "ಇನ್ನು ಬಾಯಿ ನೋಯಿಸ್ಕೋಬೇಡ, ಹೋಗು."